ದಂಡಿನವರ ಅಡ್ಡಹೆಸರುಗಳು

೧

ಕೊಡಗಿನಲ್ಲಿ ಒಬ್ಬ ಮನುಷ್ಯನಿಗೆ ಹೆಸರು ಮೂರು ಕಡೆಗಳಿಂದ ಬರುವುದುಂಟು. ಮೊದಲನೆಯದು ಒಕ್ಕದಿಂದ ಬರುವ ಮನೆತನದ ಹೆಸರು. ಅದು ಸ್ವಂತ ಹೆಸರಿಗಿಂತ ಮುಂದೆ ನಿಲ್ಲುತ್ತದೆ. ಎರಡನೆಯದು ಹುದ್ದೆಯ ಹೆಸರು; ದಂಡಿನಲ್ಲಿ ದುಡಿದು ಮನೆಗೆ ಮರಳಿದವನನ್ನು ಸುಬೇದಾರ್ ಎಂದೋ ಹವಾಲ್ದಾರ್ ಎಂದೋ ಕರ್ನಲ್ ಎಂದೋ ಊರು ಕೊನೆಯವರೆಗೂ ಕರೆಯುತ್ತದೆ. ಅಮ್ಮತ್ತಿಯಿಂದ ವಿರಾಜಪೇಟೆಗೂ ಸಿದ್ದಾಪುರಕ್ಕೂ ಹೋಗುವ ದಾರಿಗಳಲ್ಲಿ ಕಾಫಿತೋಟಗಳ ಬಾಗಿಲಿನ ಫಲಕಗಳನ್ನು ಓದುತ್ತ ನಡೆದರೆ ಈ ಎರಡು ಬಗೆಯ ಹೆಸರುಗಳೂ ಕಣ್ಣಿಗೆ ಬೀಳುತ್ತವೆ. ಮೂರನೆಯದು ಫಲಕದ ಮೇಲೆ ಏರುವುದಿಲ್ಲ. ಜೊತೆಯಲ್ಲಿ ಉಂಡು, ಜೊತೆಯಲ್ಲಿ ನಡೆದು, ಜೊತೆಯಲ್ಲಿ ಕಂದಕದೊಳಗೆ ಮಲಗಿದವರು ಇಟ್ಟ ಹೆಸರು ಅದು. ಫಿರಂಗಿಯವನಿಗೊಂದು, ತಂತಿಯವನಿಗೊಂದು, ಅಡಿಗೆಯವನಿಗೊಂದು, ಗಾಯಕ್ಕೆ ಪಟ್ಟಿ ಕಟ್ಟುವವನಿಗೊಂದು, ಹೀಗೆ ಕೆಲಸ ಕೆಲಸಕ್ಕೂ ಸಿಪಾಯಿಗಳು ತಮ್ಮೊಳಗೆ ಒಂದೊಂದು ಅಡ್ಡಹೆಸರನ್ನು ಕಟ್ಟಿಕೊಳ್ಳುವುದು ಎಲ್ಲ ದೇಶಗಳ ದಂಡುಗಳಲ್ಲಿಯೂ ಕಂಡುಬರುವ ವಾಡಿಕೆ.

ಇಂಥ ಹೆಸರುಗಳು ಸಾಹಿತ್ಯವಿಮರ್ಶೆಗೆ ತಕ್ಕ ವಿಷಯವೇ ಎಂಬ ಸಂದೇಹ ಹುಟ್ಟುವುದು ಸಹಜ. ಆದರೆ ಒಂದು ವೃತ್ತಿಯ ಲಕ್ಷಣ, ಅದರ ಅಪಾಯ, ಅದರ ವಿಷಯದಲ್ಲಿ ಉಳಿದವರಿಗಿರುವ ಪ್ರೀತಿ ಅಥವಾ ಅಸೂಯೆ, ಇಷ್ಟನ್ನೂ ಒಂದೇ ಮಾತಿನಲ್ಲಿ ಹಿಡಿದಿಡುವ ಉಕ್ತಿ ಕಾವ್ಯಕ್ಕೆ ದೂರದ ನಂಟು ಅಲ್ಲ. ಮಿತವಾದ ಮಾತಿನಲ್ಲಿ ಅಮಿತವಾದ ಅರ್ಥವನ್ನು ಸೂಚಿಸುವುದೇ ಕವಿಯ ಗುಣವಾದರೆ, ಬಂದೂಕು ಹೊತ್ತ ಹೆಸರಿಲ್ಲದ ಕವಿಗಳೂ ಆ ಗುಣಕ್ಕೆ ಪಾಲುದಾರರು. ಗಾದೆಗೂ ಒಗಟಿಗೂ ಸಂದಿರುವ ಗೌರವವನ್ನು ಈ ಕಿರಿಯ ಪ್ರಕಾರಕ್ಕೂ ಸಲ್ಲಿಸಿ ನೋಡಿದರೆ ನಷ್ಟವೇನೂ ಇಲ್ಲ.

ಮೊದಲಿಗೆ ಬಿರುದಿಗೂ ಅಡ್ಡಹೆಸರಿಗೂ ಇರುವ ಭೇದವನ್ನು ಗಮನಿಸಬೇಕು. ಬಿರುದು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಅರಸನು ಕೊಡುತ್ತಾನೆ, ಶಾಸನವು ಕೆತ್ತಿಡುತ್ತದೆ. ಒಡೆಯನೊಡನೆ ಪ್ರಾಣ ಬಿಡುವೆನೆಂದು ಪ್ರತಿಜ್ಞೆ ಮಾಡಿದ ಹೊಯ್ಸಳರ ಅಂಗರಕ್ಷಕರಿಗೆ ‘ಗರುಡ’ರೆಂಬ ಹೆಸರಿತ್ತು. ಇಮ್ಮಡಿ ಬಲ್ಲಾಳನ ಗರುಡನಾಗಿದ್ದ ಕುವರ ಲಕ್ಷ್ಮನ ಸ್ಮಾರಕಸ್ತಂಭವು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇಂದಿಗೂ ನಿಂತಿದೆ. ವೇಳೆವಾಳಿ, ಜೋಳವಾಳಿ, ಲೆಂಕ ಎಂಬ ಮಾತುಗಳನ್ನೂ ಪಂಡಿತರು ಶ್ರಮವಹಿಸಿ ವಿವರಿಸಿದ್ದಾರೆ. ಅಡ್ಡಹೆಸರಾದರೋ ಸರಿಸಮಾನರ ನಡುವೆ ಹುಟ್ಟುತ್ತದೆ. ಅದಕ್ಕೆ ಕಲ್ಲಿಲ್ಲ, ತಾಮ್ರಪಟವಿಲ್ಲ, ದತ್ತಿಯಿಲ್ಲ. ಇಟ್ಟವರ ಪಾಳಿ ಮುಗಿದರೆ ಹೆಸರೂ ಮುಗಿಯುತ್ತದೆ. ಕನ್ನಡದ ವಿದ್ವತ್ತು ಬಿರುದುಗಳನ್ನು ಅರಿತಷ್ಟು ಅಡ್ಡಹೆಸರುಗಳನ್ನು ಅರಿಯದಿರುವುದಕ್ಕೆ ಈ ಅಸ್ಥಿರತೆಯೇ ಕಾರಣವಾಗಿರಬೇಕು. ಆದರೆ ಕಾರಣವು ಸಮರ್ಥನೆಯಾಗಲಾರದು.

೨

ದಂಡಿನ ಕೆಲಸಗಳ ಹೆಸರುಗಳು ಕನ್ನಡಕ್ಕೆ ಹೊಸವಲ್ಲ. ಅವುಗಳ ಚರಿತ್ರೆಯೇ ಒಂದು ಸ್ವಾರಸ್ಯವಾದ ಏರಿಳಿತದ ಕಥೆ. ಕುಮಾರವ್ಯಾಸನ ಯುದ್ಧವರ್ಣನೆಗಳಲ್ಲಿ ಮತ್ತೆ ಮತ್ತೆ ಕಾಣಿಸುವ ರಾವುತನನ್ನೂ ಮಾವುತನನ್ನೂ ತೆಗೆದುಕೊಳ್ಳಬಹುದು. ಕುದುರೆಯ ಮೇಲಿನ ರಾವುತನ ಮೂಲ ‘ರಾಜಪುತ್ರ’. ಆನೆಯ ಮೇಲಿನ ಮಾವುತನ ಮೂಲ ‘ಮಹಾಮಾತ್ರ’, ಎಂದರೆ ದೊಡ್ಡ ಅಧಿಕಾರಿ. ಅರಮನೆಯಲ್ಲಿ ಹುಟ್ಟಿದ ಎರಡು ಮಾತುಗಳು ಲಾಯಕ್ಕೂ ಗಜಶಾಲೆಗೂ ಬಂದು ನೆಲೆಸಿದವು. ದುಬಾರೆಯ ಆನೆಗಳ ಶಿಬಿರದಲ್ಲಿ ಕಾವಾಡಿಯೊಡನೆ ಬೆಳಗಾಗುತ್ತಲೇ ಹೊಳೆಗೆ ಇಳಿದು ಆನೆಯ ಮೈ ತಿಕ್ಕುವವನು ತನ್ನ ಹೆಸರಿನಲ್ಲಿ ಒಬ್ಬ ಮಂತ್ರಿಯ ಪದವಿಯನ್ನು ಹೊತ್ತಿದ್ದಾನೆಂದು ಎಷ್ಟು ಜನ ನೆನೆಯುತ್ತಾರೆ?

ಕಾಲಾಳಿನ ಗತಿ ಇನ್ನೂ ವಿಚಿತ್ರ. ಪಾರಸಿಯಲ್ಲಿ ‘ಪಿಯಾದ’ ಎಂದರೆ ಕಾಲ್ನಡೆಯ ಭಟ. ಅದೇ ಕನ್ನಡದಲ್ಲಿ ‘ಪೇದೆ’ಯಾಗಿ ಪೊಲೀಸು ಠಾಣೆಗೆ ಸೇರಿತು, ಚದುರಂಗದ ಮಣೆಯಲ್ಲಿ ಅತ್ಯಂತ ಸಣ್ಣ ಕಾಯಿಯೂ ಆಯಿತು. ಪೋರ್ಚುಗೀಸರ ಕಾಲಾಳು ಇಂಡಿಯಾದ ಕಚೇರಿಗಳಲ್ಲಿ ‘ಪ್ಯೂನ್’ ಆಗಿ ಮೂಲೆಯ ಮಣೆ ಹಿಡಿದನು. ಕುದುರೆಯ ಪಡೆಯ ದಫೇದಾರನು ಜಿಲ್ಲಾಧಿಕಾರಿಯ ಬಾಗಿಲು ಕಾಯುವವನಾದನು. ತಾರುಣ್ಯವನ್ನು ಹೇಳುವ ‘ಜವಾನ್’ ಎಂಬ ಪಾರಸಿಯ ಮಾತು ಉತ್ತರದ ಭಾಷೆಗಳಲ್ಲಿ ಸಿಪಾಯಿಗೆ ಸಲ್ಲುವ ಪ್ರೀತಿಯ ಹೆಸರು. ೧೯೬೫ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳು ಅದನ್ನು ರೈತನ ಹೆಸರಿನೊಡನೆ ಜೋಡಿಸಿ ದೇಶದ ಘೋಷಣೆಯನ್ನಾಗಿ ಮಾಡಿದರು. ಕನ್ನಡದಲ್ಲಿ ಮಾತ್ರ ಜವಾನನೆಂದರೆ ಕಡತ ಹೊರುವವನು, ಗಂಟೆ ಬಾರಿಸುವವನು, ಚಹಾ ತರುವವನು. ಒಂದೇ ಪದವು ಒಂದು ಭಾಷೆಯಲ್ಲಿ ಹಾರವನ್ನು ಪಡೆದು ಇನ್ನೊಂದರಲ್ಲಿ ಮುಕ್ಕಾಲಿಯ ಮೇಲೆ ಕುಳಿತಿದೆ. ಕನ್ನಡ ಪತ್ರಿಕೆಗಳು ಸಿಪಾಯಿಯನ್ನು ‘ಯೋಧ’ನೆಂದು ಬರೆಯುವುದಕ್ಕೆ ಈ ಮುಜುಗರವೂ ಒಂದು ಕಾರಣವೆಂದು ಊಹಿಸಬಹುದು.

ಪಡೆಯ ಹೆಸರುಗಳಿಗೂ ಇದೇ ಅವಸ್ಥೆ. ‘ಬೆಟಾಲಿಯನ್’ ಎಂಬುದು ದಕ್ಷಿಣದ ಭಾಷೆಗಳ ಬಾಯಲ್ಲಿ ಪಟಾಲಂ ಆಯಿತು. ಇಂದು ಕನ್ನಡದಲ್ಲಿ ಪಟಾಲಂ ಎಂದರೆ ಪುಂಡರ ಹಿಂಡು. ಮೈಸೂರು ಸೀಮೆಯಲ್ಲಿ ನಾಡಕಾವಲಿನ ಪಡೆಗೆ ‘ಕಂದಾಚಾರ’ವೆಂಬ ಹೆಸರಿತ್ತು, ಅದೇ ಅಕ್ಷರಗಳು ಇಂದು ಕುರುಡುನಂಬಿಕೆಯನ್ನು ಹಳಿಯುವುದಕ್ಕೆ ಬಳಕೆಯಾಗುತ್ತಿವೆ.

ಕೊಡಗಿನ ಮಟ್ಟಿಗೆ ‘ಸುಬೇದಾರ’ ಎಂಬ ಮಾತಿನ ಚರಿತ್ರೆ ವಿಶೇಷವಾಗಿ ಗಮನಾರ್ಹ. ೧೮೩೪ರಲ್ಲಿ ಕೊಡಗು ಇಂಗ್ಲಿಷರ ವಶವಾದ ಮೇಲೆ ಇಲ್ಲಿನ ತಾಲ್ಲೂಕಿನ ಮುಖ್ಯಾಧಿಕಾರಿಗೆ ಸುಬೇದಾರನೆಂದೇ ಹೆಸರು. ಅವನ ಕೆಳಗೆ ನಾಡಿಗೆ ಪಾರುಪತ್ಯಗಾರನು. ದಂಡಿನ ಸುಬೇದಾರನಾದರೋ ಸಿಪಾಯಿಯಾಗಿ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಏರಿದವನು. ಹೀಗೆ ಒಂದೇ ನಾಡಿನಲ್ಲಿ ಕಂದಾಯ ಎತ್ತುವವನಿಗೂ ಕಾಳಗದಿಂದ ಮರಳಿದವನಿಗೂ ಒಂದೇ ಹೆಸರು ಸಂದಿತು. ಹೆಸರು ಒಂದಾದರೂ ಊರವರ ಮನಸ್ಸಿನಲ್ಲಿ ಎರಡರ ಬೆಲೆ ಒಂದೇ ಆಗಿರಲಾರದು. ಮೊದಲನೆಯವನಲ್ಲಿ ಭಯ, ಎರಡನೆಯವನಲ್ಲಿ ಬಂಧುತ್ವ. ಪದಕ್ಕೆ ಅರ್ಥವನ್ನು ಕೊಡುವುದು ಆಜ್ಞಾಪತ್ರವಲ್ಲ, ಆಡುವವರ ಅನುಭವ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಾಗಿಲ್ಲ.

೩

ಅಡ್ಡಹೆಸರುಗಳ ಒಳಗೆ ಕೆಲಸ ಮಾಡುವ ಯುಕ್ತಿಯನ್ನು ತಿಳಿಯುವುದಕ್ಕೆ ಹೊಸ ಶಾಸ್ತ್ರ ಬೇಕಿಲ್ಲ. ಹಳೆಯ ಅಲಂಕಾರಶಾಸ್ತ್ರವೇ ಸಾಕು. ನಿಂದೆಯ ವೇಷದಲ್ಲಿ ಸ್ತುತಿಯನ್ನೂ ಸ್ತುತಿಯ ವೇಷದಲ್ಲಿ ನಿಂದೆಯನ್ನೂ ಮಾಡುವುದಕ್ಕೆ ವ್ಯಾಜಸ್ತುತಿಯೆಂದು ಹೆಸರು. ದಂಡಿನ ಅಡ್ಡಹೆಸರುಗಳಲ್ಲಿ ಬಹುಪಾಲು ಈ ಅಲಂಕಾರದ ಮಕ್ಕಳು.

ಬಿಸಿಲಿನ ನಾಡಿನಲ್ಲಿ ತೊಗಲಿನ ಮಷಕದಲ್ಲಿ ನೀರು ಹೊತ್ತು ಸಾಲಿನಿಂದ ಸಾಲಿಗೆ ಓಡುತ್ತಿದ್ದವನಿಗೆ ‘ಭಿಷ್ಟಿ’ ಎಂದು ಹೆಸರು. ಪಾರಸಿಯ ‘ಬಿಹಿಷ್ತಿ’ ಎಂಬುದು ಅದರ ಮೂಲ. ಸ್ವರ್ಗದವನು ಎಂದು ಅರ್ಥ. ಯೂಲ್ ಮತ್ತು ಬರ್ನೆಲ್ ಎಂಬ ಇಬ್ಬರು ವಿದ್ವಾಂಸರು ರಚಿಸಿದ, ೧೮೮೬ರಲ್ಲಿ ಅಚ್ಚಾದ ‘ಹಾಬ್ಸನ್ ಜಾಬ್ಸನ್’ ಎಂಬ ಕೋಶದಲ್ಲಿ ಈ ಮಾತಿಗೆ ಸ್ಥಳ ದೊರೆತಿದೆ. ಕಸ ಗುಡಿಸುವವನು ‘ಮೆಹ್ತರ್’, ಎಂದರೆ ದೊಡ್ಡವನು, ರಾಜಕುಮಾರ. ಹೊಲಿಗೆಯವನೂ ಅಡಿಗೆಯವನೂ ‘ಖಲೀಫ’ರು. ಜಮಾದಾರನೆಂಬ ದಂಡಿನ ಅಧಿಕಾರಿಯ ಹೆಸರು ಕೂಡ ಉತ್ತರದೇಶದಲ್ಲಿ ಪೊರಕೆ ಹಿಡಿದವನಿಗೆ ಸಂದಿತು. ಭಾರತದ ಸೇನೆಯಲ್ಲಿ ೧೯೬೫ರಿಂದ ಆ ಅಧಿಕಾರಿಗೆ ನಾಯಬ್ ಸುಬೇದಾರ್ ಎಂಬ ಹೆಸರು ಬಂದಿದೆ.

ಮೇಲ್ನೋಟಕ್ಕೆ ಈ ಮೂರೂ ಒಂದೇ ಬಗೆಯ ಹಾಸ್ಯವೆಂದು ತೋರಬಹುದು. ಆದರೆ ಸಹೃದಯನು ಇವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾರನು. ಭಿಷ್ಟಿಯ ಹೆಸರಿನಲ್ಲಿ ಬಾಯಾರಿಕೆಯ ಸಾಕ್ಷ್ಯವಿದೆ. ಗುಂಡೇಟು ಬಿದ್ದು ನಾಲಗೆ ಒಣಗಿದವನಿಗೆ ನೀರು ತಂದವನು ಸ್ವರ್ಗದಿಂದಲೇ ಬಂದವನಾಗಿ ಕಾಣುವುದು ಉತ್ಪ್ರೇಕ್ಷೆಯೂ ಅಲ್ಲ. ಮೆಹ್ತರನ ಹೆಸರಿನಲ್ಲಿಯಾದರೋ ಅಂಥ ಸಾಕ್ಷ್ಯವಿಲ್ಲ. ಹೊಲಸನ್ನು ಹೊರಿಸಿ ಹೆಸರನ್ನು ಮಾತ್ರ ಎತ್ತರಿಸುವುದು ಕೂಲಿಗೆ ಬದಲು ಹೊಗಳಿಕೆ ಕೊಡುವ ಯುಕ್ತಿ. ಒಂದರಲ್ಲಿ ಸ್ತುತಿ ನಿಜ; ಇನ್ನೊಂದರಲ್ಲಿ ಸ್ತುತಿಯು ನಿಂದೆಯ ಮುಸುಕು. ಅಡ್ಡಹೆಸರಿನ ವಿಮರ್ಶೆ ಇಲ್ಲಿಂದ ಆರಂಭವಾಗಬೇಕು. ಹೆಸರು ಚಮತ್ಕಾರವಾಗಿದೆಯೇ ಎಂಬುದು ಎರಡನೆಯ ಪ್ರಶ್ನೆ. ಇಟ್ಟವನು ಯಾರು, ಯಾವ ಋಣದಿಂದ ಇಟ್ಟನು ಎಂಬುದು ಮೊದಲನೆಯದು.

ಮಮ್ಮಟನು ಲಕ್ಷಣಾವೃತ್ತಿಯನ್ನು ವಿವರಿಸುವಾಗ ರೂಢಿಗೆ ‘ಕುಶಲ’ ಎಂಬ ಮಾತನ್ನು ಉದಾಹರಿಸುತ್ತಾನೆ. ದರ್ಭೆಯನ್ನು ಕೊಯ್ಯುವವನು ಎಂಬ ಮೂಲಾರ್ಥ ಮರೆತುಹೋಗಿ ನಿಪುಣನೆಂಬ ಅರ್ಥ ನಿಂತಿದೆ. ದಂಡಿನಲ್ಲಿ ಇಂಥ ರೂಢಿಗಳು ಹೇರಳ. ಭಾರತದ ಸೇನೆಯಲ್ಲಿ ಟ್ಯಾಂಕಿನ ಪಡೆಯ ಸಾಮಾನ್ಯ ಸೈನಿಕನ ಹೆಸರು ಇಂದಿಗೂ ‘ಸವಾರ್’. ಕುದುರೆ ಹೋಗಿ ಉಕ್ಕಿನ ಗಾಡಿ ಬಂದರೂ ಸವಾರನು ಇಳಿದಿಲ್ಲ. ಫಿರಂಗಿದಳದವನು ‘ಗನ್ನರ್’, ಕೈಬಾಂಬು ಎಸೆಯುವುದಕ್ಕೆಂದೇ ಆರಿಸಲ್ಪಡುತ್ತಿದ್ದ ಎತ್ತರದ ಆಳು ‘ಗ್ರೆನೇಡಿಯರ್’. ಕೋಟೆಯ ಗೋಡೆಯ ಕಡೆಗೆ ಅಡ್ಡಡ್ಡವಾಗಿ ಕಂದಕ ತೋಡುತ್ತ ಹೋಗುವ ಕೆಲಸಕ್ಕೆ ಫ್ರೆಂಚರ ಮಾತು ‘ಸಾಪ್’. ಆ ಅಗೆಯುವವನೇ ‘ಸ್ಯಾಪರ್’. ೧೮೫೬ರಲ್ಲಿ ಇಂಗ್ಲೆಂಡಿನ ಇಂಜಿನಿಯರುಗಳ ದಳದಲ್ಲಿ ಸಾಮಾನ್ಯ ಸೈನಿಕನಿಗೆ ಇದೇ ಹುದ್ದೆಯ ಹೆಸರಾಗಿ ನಿಂತಿತು. ರಾಜಪುತ್ರನು ಇಳಿದು ರಾವುತನಾದಂತೆ, ಮಣ್ಣು ತೋಡುವವನು ಏರಿ ರಾಣಿಯ ಸ್ಯಾಪರನಾದನು. ಭಾಷೆಯ ಏಣಿಯಲ್ಲಿ ಇಳಿಯುವವರೂ ಏರುವವರೂ ಒಬ್ಬರನ್ನೊಬ್ಬರು ಹಾದುಹೋಗುತ್ತಾರೆ.

೪

ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲಿಷ್ ಸಿಪಾಯಿಗಳು ಆಡಿದ ಮಾತುಗಳನ್ನು ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಆ ದೇಶದವರು ಸಂಗ್ರಹಿಸಿದರು. ಫ್ರೇಸರ್ ಮತ್ತು ಗಿಬ್ಬನ್ಸ್ ಅವರ ಕೋಶವು ೧೯೨೫ರಲ್ಲಿಯೂ, ಬ್ರೋಫಿ ಮತ್ತು ಪಾರ್ಟ್ರಿಜ್ ಅವರ ಹಾಡುಗಳ ಹಾಗೂ ಆಡುಮಾತಿನ ಸಂಗ್ರಹವು ೧೯೩೦ರಲ್ಲಿಯೂ ಹೊರಬಂದವು. ಬ್ರೋಫಿ, ಪಾರ್ಟ್ರಿಜ್ ಇಬ್ಬರೂ ಆ ಯುದ್ಧದಲ್ಲಿ ಸಾಮಾನ್ಯ ಸೈನಿಕರಾಗಿದ್ದವರೇ. ಆದಕಾರಣ ಆ ಅಡ್ಡಹೆಸರುಗಳನ್ನು ಇಂದು ತೂಗಿ ನೋಡುವುದಕ್ಕೆ ಸಾಮಗ್ರಿಯುಂಟು.

ಯಂತ್ರಬಂದೂಕಿನ ದಳಕ್ಕೆ ಅವರು ಇಟ್ಟ ಹೆಸರು ‘ಆತ್ಮಹತ್ಯೆಯ ಸಂಘ’. ೧೯೧೫ರ ಅಕ್ಟೋಬರಿನಲ್ಲಿ ಹುಟ್ಟಿ ೧೯೨೨ರಲ್ಲಿ ಮುಗಿದ ಆ ದಳದಲ್ಲಿ ಸೇವೆ ಸಲ್ಲಿಸಿದವರು ೧,೭೦,೫೦೦ ಮಂದಿ. ಸತ್ತವರೂ ಗಾಯಗೊಂಡವರೂ ಕಾಣೆಯಾದವರೂ ಸೇರಿ ೬೨,೦೪೯ ಮಂದಿ. ಮೂವರಲ್ಲಿ ಒಬ್ಬನಿಗಿಂತ ಹೆಚ್ಚು. ಈ ಲೆಕ್ಕವನ್ನು ಸರಕಾರವು ಕೂಡಿಸುವುದಕ್ಕೆ ಮುನ್ನವೇ ಕಂದಕದವರು ಎರಡು ಮಾತುಗಳಲ್ಲಿ ಹೇಳಿ ಮುಗಿಸಿದ್ದರು. ಹೆಸರು ಕಟುವಾದುದು, ಆದರೆ ಅದರ ಕಟುತ್ವದ ಒಳಗೆ ಮೆಚ್ಚುಗೆಯಿದೆ. ನಿಂದೆಯ ವೇಷದ ಸ್ತುತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ವೈದ್ಯದಳದವರ ಅದೃಷ್ಟ ಹಾಗಿರಲಿಲ್ಲ. ಆ ದಳದ ಹೆಸರಿನ ನಾಲ್ಕು ಮೊದಲಕ್ಷರಗಳನ್ನು ಸಿಪಾಯಿಗಳು ‘ನನ್ನ ಗೆಳೆಯರೆಲ್ಲರನ್ನೂ ದೋಚು’ ಎಂಬ ಅರ್ಥ ಬರುವಂತೆ ಬಿಡಿಸಿ ಓದಿದರು. ಪ್ರಜ್ಞೆ ತಪ್ಪಿದ ಗಾಯಾಳುಗಳ ಜೇಬಿನಿಂದ ಸಾಮಾನುಗಳು ಮಾಯವಾಗುತ್ತವೆಂಬ ಗುಮಾನಿ ಇದರ ಹಿಂದಿತ್ತು. ಅಗಸೆಯ ಬೀಜವನ್ನು ಅರೆದು ಹುಣ್ಣಿಗೆ ಕಟ್ಟುವವರೆಂದು ‘ಅಗಸೆಬೀಜದ ಭರ್ಜಿಯವರು’ ಎಂದೂ ಕರೆದರು. ಎರಡನೆಯದರಲ್ಲಿ ನಗೆಯುಂಟು, ನಂಜಿಲ್ಲ; ಭರ್ಜಿಯ ರಾವುತರ ಠೀವಿಯನ್ನೂ ಹುಣ್ಣಿನ ಲೇಪವನ್ನೂ ಒಂದೆಡೆ ಕೂಡಿಸಿದ ಜಾಣತನವುಂಟು. ಮೊದಲನೆಯದು ಕೆಲವರ ದೋಷವನ್ನು ಎಲ್ಲರ ತಲೆಗೆ ಕಟ್ಟಿದ ಅನ್ಯಾಯ. ಅದೇ ವೈದ್ಯದಳದ ನೋಯೆಲ್ ಷಾವಾಸ್ ಎಂಬ ವೈದ್ಯನು ೧೯೧೬ರಲ್ಲಿಯೂ ೧೯೧೭ರಲ್ಲಿಯೂ ಗುಂಡಿನ ಮಳೆಯಲ್ಲಿ ಗಾಯಾಳುಗಳನ್ನು ಹುಡುಕಿ ತಂದು ವಿಕ್ಟೋರಿಯಾ ಕ್ರಾಸನ್ನು ಎರಡು ಬಾರಿ ಪಡೆದನು. ಎರಡನೆಯದು ಘೋಷಿತವಾಗುವಾಗ ಅವನು ಬದುಕಿರಲಿಲ್ಲ. ಆ ಪದಕವನ್ನು ಎರಡು ಸಲ ಗಳಿಸಿದವರು ಚರಿತ್ರೆಯಲ್ಲಿ ಮೂವರೇ. ಅವರಲ್ಲಿ ಬಂದೂಕು ಹಿಡಿಯದ ವೈದ್ಯನೊಬ್ಬನಿದ್ದಾನೆಂಬುದು ಆ ಅಡ್ಡಹೆಸರಿಗೆ ಸಾಕಾದ ಉತ್ತರ.

ಸಾಮಾನು ಸಾಗಿಸುವ ದಳಕ್ಕೆ ‘ಆಲಿ ಸ್ಲೋಪರನ ಕುದುರೆಪಡೆ’ ಎಂದು ಹೆಸರು. ಆಲಿ ಸ್ಲೋಪರ್ ಎಂಬವನು ಇಂಗ್ಲಿಷ್ ಚಿತ್ರಪತ್ರಿಕೆಗಳ ಹಾಸ್ಯಪಾತ್ರ. ಬಾಡಿಗೆ ಕೊಡದೆ ಓಣಿಯಲ್ಲಿ ನುಸುಳಿ ತಪ್ಪಿಸಿಕೊಳ್ಳುವ ಸೋಮಾರಿ. ಮುಂಚೂಣಿಯಿಂದ ದೂರ, ಒಳ್ಳೆಯ ಊಟ, ಹೆಚ್ಚಿನ ಸಂಬಳ ಎಂಬ ಅಸೂಯೆ ಈ ಹೆಸರನ್ನು ಹೆತ್ತಿತು. ಅಸೂಯೆಗೆ ಆಧಾರವಿರಲಿಲ್ಲವೆಂದಲ್ಲ. ಆದರೆ ಆ ಬಂಡಿಗಳು ಬಾರದ ದಿನ ಮುಂಚೂಣಿಯಲ್ಲಿ ರೊಟ್ಟಿಯೂ ಇಲ್ಲ, ತೋಟಾವೂ ಇಲ್ಲ. ಹಸಿದವನು ಹೆಸರಿಡುವಾಗ ಉಣಿಸುವವನನ್ನೇ ಹೀಯಾಳಿಸುವುದು ಮನುಷ್ಯಸ್ವಭಾವದ ಒಂದು ವಕ್ರತೆ.

ಈ ಮೂರು ದಳಗಳ ಹೆಸರುಗಳಿಂದ ಒಂದು ನಿಯಮವನ್ನು ಹಿಂಡಬಹುದು. ಅಪಾಯವನ್ನು ಹಂಚಿಕೊಂಡವರ ನಡುವೆ ಹುಟ್ಟಿದ ಹೆಸರು ಎಷ್ಟೇ ಒರಟಾಗಿದ್ದರೂ ಒಳಗೆ ತಂಪಾಗಿರುತ್ತದೆ. ಅಪಾಯವನ್ನು ಹಂಚಿಕೊಳ್ಳಲಿಲ್ಲವೆಂಬ ಗುಮಾನಿಯಿಂದ ಹುಟ್ಟಿದ ಹೆಸರು ಎಷ್ಟೇ ಚತುರವಾಗಿದ್ದರೂ ಚುಚ್ಚುತ್ತದೆ. ಚಾತುರ್ಯವನ್ನು ಮೆಚ್ಚಿ ನ್ಯಾಯವನ್ನು ಮರೆಯುವುದು ವಿಮರ್ಶಕನಿಗೆ ಸಲ್ಲದು.

೫

ಕೆಲಸದ ಹೆಸರುಗಳ ಜೊತೆಗೆ ವ್ಯಕ್ತಿಗಳಿಗೆ ಸಂದ ಎರಡು ಹೆಸರುಗಳನ್ನು ಹೋಲಿಸಿದರೆ ಈ ನಿಯಮ ಇನ್ನಷ್ಟು ಸ್ಪಷ್ಟವಾಗುತ್ತದೆ. ೧೯೪೯ರ ಜನವರಿ ೧೫ರಂದು ಭಾರತದ ಸೇನೆಯ ಮೊದಲನೆಯ ಭಾರತೀಯ ಮಹಾದಂಡನಾಯಕರಾದ ಕೊಡಂದೇರ ಮಾದಪ್ಪ ಕಾರಿಯಪ್ಪನವರನ್ನು ಅಧಿಕಾರಿಗಳ ವಲಯವು ‘ಕಿಪ್ಪರ್’ ಎಂದು ಕರೆಯುತ್ತಿತ್ತು. ಅವರ ಹೆಸರನ್ನು ಉಚ್ಚರಿಸಲಾರದ ಇಂಗ್ಲಿಷ್ ಅಧಿಕಾರಿಯೊಬ್ಬನ ಪತ್ನಿಯ ಬಾಯಲ್ಲಿ ಆ ಹೆಸರು ಹುಟ್ಟಿತೆಂದು ಪ್ರಸಿದ್ಧಿ. ಇಂಗ್ಲಿಷಿನಲ್ಲಿ ಅದು ಹೊಗೆಯಾಡಿಸಿದ ಒಂದು ಬಗೆಯ ಮೀನಿನ ಹೆಸರು. ಇದರಲ್ಲಿ ದ್ವೇಷವಿಲ್ಲ, ಆದರೆ ಅರಿವೂ ಇಲ್ಲ. ಮನೆತನ, ತಂದೆ, ತಾನು ಎಂಬ ಮೂರು ಮೆಟ್ಟಿಲುಗಳ ಕೊಡವ ಹೆಸರನ್ನು ಒಂದು ನಾಲಗೆಯ ಸೋಮಾರಿತನವು ಊಟದ ಮೇಜಿನ ಪದಾರ್ಥವನ್ನಾಗಿ ಮಾಡಿತು. ಕಾರಿಯಪ್ಪನವರು ಅದನ್ನು ಸಹಿಸಿ ನಡೆದುದು ಅವರ ದೊಡ್ಡತನ. ಹೆಸರಿನ ಗುಣವೆಂದು ಅದನ್ನು ಎಣಿಸಬೇಕಾಗಿಲ್ಲ.

ಇದಕ್ಕೆ ಎದುರಾಗಿ ಮಾಣೆಕ್ ಷಾ ಅವರಿಗೆ ಸಂದ ‘ಸ್ಯಾಮ್ ಬಹಾದೂರ್’ ಎಂಬ ಹೆಸರನ್ನು ನೋಡಬಹುದು. ನಿನ್ನ ಸೇನಾಪತಿಯ ಹೆಸರೇನೆಂದು ಅವರು ಕೇಳಿದಾಗ ಗೂರ್ಖಾ ಸಿಪಾಯಿಯೊಬ್ಬನು ಹಿಂಜರಿಯದೆ ಕೊಟ್ಟ ಉತ್ತರ ಅದು ಎಂದು ಪ್ರತೀತಿ. ಗೂರ್ಖರಲ್ಲಿ ಬಹಾದೂರ್ ಎಂಬುದು ಮನೆಮನೆಯ ಹೆಸರು. ಪಾರ್ಸಿ ಅಧಿಕಾರಿಯ ಹೆಸರಿಗೆ ತನ್ನ ಕುಲದವರ ಹೆಸರನ್ನೇ ಹೆಣೆದು ಆ ಸಿಪಾಯಿಯು ಅವರನ್ನು ತನ್ನವರ ಪಂಕ್ತಿಯಲ್ಲಿ ಕೂಡಿಸಿದನು. ಉಚ್ಚಾರದ ಕಷ್ಟ ಎರಡೂ ಕಡೆ ಇದ್ದಿತು; ಒಂದರಿಂದ ಮೀನು ಹುಟ್ಟಿತು, ಇನ್ನೊಂದರಿಂದ ಬಾಂಧವ್ಯ ಹುಟ್ಟಿತು.

ದಳಗಳ ಹೆಸರುಗಳಲ್ಲಿ ಇಂಥ ಬಾಂಧವ್ಯಕ್ಕೆ ಉತ್ತಮ ನಿದರ್ಶನ ಕರ್ನಾಟಕದ ನೆಲದಲ್ಲಿಯೇ ಇದೆ. ೧೭೮೦ರಲ್ಲಿ ಎರಡು ತುಕಡಿಗಳಾಗಿ ಹುಟ್ಟಿ, ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವನ್ನು ಹೊಂದಿರುವ ಮದ್ರಾಸ್ ಸ್ಯಾಪರ್ಸ್ ದಳದವರಿಗೆ ‘ತಂಬಿ’ಗಳೆಂದು ಹೆಸರು. ತಮಿಳಿನಲ್ಲಿ ತಂಬಿ ಎಂದರೆ ತಮ್ಮ. ತಮಿಳನೂ ತೆಲುಗನೂ ಮಲೆಯಾಳಿಯೂ ಕನ್ನಡಿಗನೂ ಆ ದಳಕ್ಕೆ ಸೇರಿದೊಡನೆ ಆ ಒಂದೇ ತಮ್ಮತನದೊಳಗೆ ಬರುತ್ತಾರೆ. ಭಾಷಾಭಿಮಾನಿಯಾದ ಕನ್ನಡಿಗನು, ತಂಬಿಯ ಬದಲು ತಮ್ಮನೆಂದೇ ಕರೆಯಬಾರದೇ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೂ ಹೆಸರು ಹೇಳುವ ನಂಟು ಎರಡು ಭಾಷೆಗಳಲ್ಲಿಯೂ ಒಂದೇ ಬೇರಿನದು. ಸಿಪಾಯಿಗೆ ದಂಡು ಕೊಟ್ಟ ಹೆಸರುಗಳಲ್ಲಿ ಮನೆಯ ಮಾತು ಇರುವುದು ಅಪರೂಪ. ಈ ಹೆಸರು ಮನೆಯಿಂದಲೇ ಬಂದುದು.

ಈ ತಂಬಿಗಳ ಕೆಲಸವನ್ನು ನೆನೆಯುವುದಕ್ಕೆ ಕೊಡಗಿಗೆ ಇನ್ನೊಂದು ಕಾರಣವುಂಟು. ೧೯೪೮ರ ನವೆಂಬರ್ ೧ರಂದು ಜೋಜಿಲಾ ಕಣಿವೆಯಲ್ಲಿ, ಹಿಮದ ನಡುವೆ, ಹನ್ನೊಂದು ಸಾವಿರ ಅಡಿಗೂ ಮಿಗಿಲಾದ ಎತ್ತರದಲ್ಲಿ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ಬೆರಗುಗೊಳಿಸಿದ ಸಾಹಸವು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರ ಕೀರ್ತಿಯ ಶಿಖರ. ಅವರು ಹುಟ್ಟಿದ ‘ಸನ್ನಿ ಸೈಡ್’ ಎಂಬ ಮನೆ ೨೦೨೧ರಿಂದ ಸ್ಮಾರಕವಾಗಿ ಜನರಿಗೆ ತೆರೆದಿದೆ. ಆ ಟ್ಯಾಂಕುಗಳು ಏರಿದುದು ಯಾವ ದಾರಿಯಲ್ಲಿ? ಹೇಸರಗತ್ತೆಗಳ ಕಾಲುಹಾದಿಯನ್ನು ಅಗೆದು, ಬಂಡೆಯನ್ನು ಸಿಡಿಸಿ, ಉಕ್ಕಿನ ಗಾಡಿ ಹರಿಯುವ ಹಾದಿಯನ್ನಾಗಿ ಮಾಡಿದವರು ಮದ್ರಾಸ್ ಸ್ಯಾಪರುಗಳು. ಸೇನಾಪತಿಯ ಸಂಕಲ್ಪ, ಸವಾರನ ಧೈರ್ಯ, ತಂಬಿಯ ಹಾರೆ, ಇವು ಮೂರೂ ಕೂಡಿ ಆದ ಗೆಲುವು ಅದು. ಕಥೆ ಹೇಳುವಾಗ ಮೊದಲನೆಯದು ನಾಲಗೆಯ ಮೇಲೆ ಇರುತ್ತದೆ. ಎರಡನೆಯದು ಕೆಲವೊಮ್ಮೆ ಬರುತ್ತದೆ. ಮೂರನೆಯದನ್ನು ಹೇಳುವವರು ಕಡಮೆ.

೬

ಇಲ್ಲಿಂದ ಕನ್ನಡದ ಬರೆವಣಿಗೆಯ ವಿಷಯಕ್ಕೆ ಬರಬೇಕು. ಯುದ್ಧದ ವಿಷಯವಾಗಿ ಕನ್ನಡದಲ್ಲಿ ಬರುವ ಲೇಖನಗಳಲ್ಲಿಯೂ ಸ್ಮರಣೆಯ ಬರಹಗಳಲ್ಲಿಯೂ ಸಮವಸ್ತ್ರ ತೊಟ್ಟವರೆಲ್ಲರಿಗೂ ಬಹುಮಟ್ಟಿಗೆ ಒಂದೇ ಹೆಸರು: ಯೋಧ, ಇನ್ನೂ ಉತ್ಸಾಹ ಬಂದರೆ ವೀರಯೋಧ. ಮಾತು ಗಂಭೀರವಾದುದು, ಗೌರವದ್ದು. ಜವಾನನೆಂಬ ಕಚೇರಿಯ ಮಾತಿಗಿಂತ ಮೇಲು ಎಂಬುದೂ ನಿಜ. ಆದರೆ ಅದರ ದೋಷವೂ ಅದರ ಗಾಂಭೀರ್ಯದಲ್ಲಿಯೇ ಇದೆ. ಹಿಮದಲ್ಲಿ ತಂತಿ ಎಳೆದವನು ಯೋಧ, ಲಾರಿ ನಡೆಸಿದವನು ಯೋಧ, ಲಂಗರಿನಲ್ಲಿ ನಸುಕಿನಲ್ಲಿಯೇ ಎದ್ದು ನೂರಾರು ಮಂದಿಗೆ ರೊಟ್ಟಿ ಬೇಯಿಸಿದ ಲಾಂಗ್ರಿಯೂ ಯೋಧ. ಎಲ್ಲರಿಗೂ ಒಂದೇ ಹೆಸರು ಇಟ್ಟಾಗ ಯಾರು ಏನು ಮಾಡಿದರೆಂಬುದು ಅಳಿಸಿಹೋಗುತ್ತದೆ. ಬಿರುದು ಉಳಿಯುತ್ತದೆ, ಕೆಲಸ ಮಾಯವಾಗುತ್ತದೆ.

ಇದರ ಫಲವನ್ನು ಅನುಭವಿಸುವವರು ಮನೆಯವರು. ಅಮ್ಮತ್ತಿಯಂಥ ಊರುಗಳಿಂದ ದಂಡಿಗೆ ಹೋದವರೆಲ್ಲರೂ ಬಯೊನೆಟ್ಟು ಹಿಡಿದು ಗುಡ್ಡ ಹತ್ತಿದವರಲ್ಲ. ಕಾರಕೂನರು, ಚಾಲಕರು, ತಂತಿಯವರು, ಕಮ್ಮಟದ ಕೆಲಸದವರು, ಆಸ್ಪತ್ರೆಯವರು, ಉಗ್ರಾಣದವರು ಎಲ್ಲ ದಂಡಿನಲ್ಲಿಯೂ ಉಂಟು. ಊರಿಗೆ ಮರಳಿದವರಲ್ಲಿಯೂ ಉಂಟು. ತಾತನು ಯುದ್ಧದಲ್ಲಿ ಏನು ಮಾಡಿದನೆಂದು ಮೊಮ್ಮಗು ಕೇಳಿದಾಗ, ಉಗ್ರಾಣದ ಲೆಕ್ಕ ಬರೆದೆನೆಂದು ಹೇಳುವುದಕ್ಕೆ ಆ ಹಿರಿಯನು ಸಂಕೋಚಪಡುವಂತೆ ಮಾಡಿರುವುದು ಯಾವುದು? ಶತ್ರುವಲ್ಲ, ಸರಕಾರವಲ್ಲ, ಯೋಧನೆಂಬ ಆ ದೊಡ್ಡ ಮಾತು. ಅದು ಅವನಿಗೆ ಹೊಂದದ ಅಂಗಿಯಂತೆ ಸಡಿಲವಾಗಿ ತೂಗಾಡುತ್ತದೆ. ಜೊತೆಗಾರರು ಅವನಿಗೆ ಇಟ್ಟಿದ್ದ ಚಿಕ್ಕ ಹೆಸರು ಅವನ ಅಳತೆಗೆ ಹೊಲಿದುದು. ಅದನ್ನು ಕೇಳುವವರಿಲ್ಲದ ಕಾರಣ ಅವನೂ ಹೇಳುವುದಿಲ್ಲ.

ಕೋಶಗಳಿಂದಲೂ ಹೆಚ್ಚಿನ ನೆರವು ದೊರೆಯುವಂತಿಲ್ಲ. ೧೮೯೪ರ ಕಿಟ್ಟೆಲರ ಕೋಶವೂ, ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಬಂದ ಸಾಹಿತ್ಯ ಪರಿಷತ್ತಿನ ನಿಘಂಟೂ ಕನ್ನಡಕ್ಕೆ ಹೆಮ್ಮೆಯ ಕೆಲಸಗಳು. ಪರಿಷತ್ತಿನ ನಿಘಂಟಿಗೆ ಶಾಸನಗಳೂ ಗ್ರಂಥಗಳೂ ಮುಖ್ಯ ಆಧಾರ. ಬರೆಹಕ್ಕೆ ಏರದ ಮಾತು ಅಂಥ ಬಲೆಯಿಂದ ನುಸುಳಿಹೋಗುವುದು ಅನಿವಾರ್ಯ. ಕೊಡಗಿನ ಸಿಪಾಯಿಯಾದರೋ ದಂಡಿನಲ್ಲಿ ಹಿಂದೂಸ್ತಾನಿಯನ್ನೂ ಮನೆಯಲ್ಲಿ ಕೊಡವ ತಕ್ಕನ್ನೋ ಅರೆಭಾಷೆಯನ್ನೋ ಆಡುತ್ತಾನೆ. ಕನ್ನಡದಲ್ಲಿ ಕಾಗದ ಬರೆಯುತ್ತಾನೆ. ದಂಡಿನ ಅಡ್ಡಹೆಸರು ಮೊದಲನೆಯ ಭಾಷೆಯಲ್ಲಿ ಹುಟ್ಟಿ, ಎರಡನೆಯದರಲ್ಲಿ ನಗೆಯನ್ನು ಎಬ್ಬಿಸಿ, ಮೂರನೆಯದನ್ನು ಮುಟ್ಟುವ ಮೊದಲೇ ಆರಿಹೋಗುತ್ತದೆ. ಆರುವ ಮುನ್ನ ಬರೆದಿಟ್ಟುಕೊಳ್ಳುವುದು ಅಸಾಧ್ಯವಲ್ಲ ಎಂಬುದಕ್ಕೆ ಕೊಡಗೇ ಸಾಕ್ಷಿ. ಬಾಯಿಂದ ಬಾಯಿಗೆ ಬರುತ್ತಿದ್ದ ಹಾಡುಗಳನ್ನೂ ಪದ್ಧತಿಗಳನ್ನೂ ಕೂಡಿಸಿ ನಡಿಕೇರಿಯಂಡ ಚಿಣ್ಣಪ್ಪನವರು ೧೯೨೪ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದರು. ಹಾಡಿಗೆ ಸಾಧ್ಯವಾದುದು ಒಂದೊಂದು ಮಾತಿಗೆ ಏಕೆ ಸಾಧ್ಯವಾಗಬಾರದು? ದಂಡಿನಿಂದ ಮರಳಿದವರು ಮನೆಮನೆಯಲ್ಲಿರುವ ನಾಡಿನಲ್ಲಿ ಇದಕ್ಕೆ ಬೇಕಾದುದು ಒಂದು ಪುಸ್ತಕ, ಒಂದು ಲೇಖನಿ, ತಾಳ್ಮೆಯಿಂದ ಕೇಳುವ ಎರಡು ಕಿವಿಗಳು. ಹೆಸರು ಯಾವುದು, ಯಾವ ಕೆಲಸದವನಿಗೆ ಸಂದಿತು, ಇಟ್ಟವರು ಯಾರು, ಅದನ್ನು ಕೇಳಿ ಅವನು ನಗುತ್ತಿದ್ದನೋ ಮುನಿಯುತ್ತಿದ್ದನೋ, ಇಷ್ಟು ಬರೆದರೆ ಸಾಕು. ಕೊನೆಯ ಪ್ರಶ್ನೆಯನ್ನು ಮಾತ್ರ ಬಿಡಬಾರದು. ಮೆಹ್ತರನ ಹೆಸರನ್ನು ಭಿಷ್ಟಿಯ ಹೆಸರಿನಿಂದ ಬೇರ್ಪಡಿಸುವ ಒರೆಗಲ್ಲು ಅದೇ.

ಹೀಗೆ ಕೂಡಿಸಿದ ಹೆಸರುಗಳೆಲ್ಲವೂ ಗ್ರಂಥಕ್ಕೆ ಯೋಗ್ಯವೆಂದಲ್ಲ. ಕುಲವನ್ನೋ ಪ್ರಾಂತವನ್ನೋ ಮೈಬಣ್ಣವನ್ನೋ ಹಂಗಿಸುವ ಹೆಸರುಗಳೂ ದಂಡಿನಲ್ಲಿ ಉಂಟು. ಅವನ್ನು ಇತಿಹಾಸವೆಂದು ಬರೆದಿಡಬಹುದು, ಆದರ್ಶವೆಂದು ಹಾಡಬಾರದು. ಕಸಬನ್ನು ಕಂಡು ಹುಟ್ಟಿದ ಹೆಸರು ಬೇರೆ, ಹುಟ್ಟನ್ನು ಕಂಡು ಹುಟ್ಟಿದ ಹೆಸರು ಬೇರೆ. ಮೊದಲನೆಯದರಲ್ಲಿ ಮನುಷ್ಯನ ಕೈಗೆ ಮನ್ನಣೆಯುಂಟು. ಎರಡನೆಯದರಲ್ಲಿ ಅವನ ಕೈಯನ್ನು ನೋಡುವ ಶ್ರಮವೇ ಇಲ್ಲ.

ಕನ್ನಡ ಜನಕ್ಕೆ ಈ ವಿವೇಕ ಹೊಸದಲ್ಲ. ಕೊಡಗಿನ ಕೈಲ್ ಪೊಳ್ದಿನಲ್ಲಿ ಕೋವಿ ಕತ್ತಿಗಳಿಗೆ ಹೂವೇರುತ್ತದೆ. ಕನ್ನಡನಾಡಿನ ಎಲ್ಲೆಡೆ ನಡೆಯುವ ಆಯುಧಪೂಜೆಯಲ್ಲಿಯಾದರೋ ಕತ್ತಿಯ ಪಕ್ಕದಲ್ಲಿ ನೇಗಿಲು, ನೇಗಿಲಿನ ಪಕ್ಕದಲ್ಲಿ ಸುತ್ತಿಗೆ, ಅದರ ಪಕ್ಕದಲ್ಲಿ ಅಂಗಡಿಯವನ ತಕ್ಕಡಿ, ಬಾಗಿಲಲ್ಲಿ ಚಾಲಕನ ಲಾರಿ. ಇವೆಲ್ಲಕ್ಕೂ ‘ಆಯುಧ’ವೆಂದೇ ಹೆಸರು, ಎಲ್ಲಕ್ಕೂ ಅದೇ ಕುಂಕುಮ. ಆದರೂ ಪೂಜೆ ಮುಗಿದ ಮೇಲೆ ತಕ್ಕಡಿಯನ್ನು ಯಾರೂ ಕತ್ತಿಯೆನ್ನುವುದಿಲ್ಲ. ತಕ್ಕಡಿಯು ತಕ್ಕಡಿಯಾಗಿಯೇ ಪೂಜೆಗೊಂಡಿತು. ದಂಡಿನವರ ವಿಷಯದಲ್ಲಿ ಕನ್ನಡದ ಬರೆವಣಿಗೆ ಕಲಿಯಬೇಕಾದುದು ಇಷ್ಟೇ. ಹಾರೆಯವನನ್ನು ಹಾರೆಯವನೆಂದೂ ಲಾಂಗ್ರಿಯನ್ನು ಲಾಂಗ್ರಿಯೆಂದೂ ಕರೆದು ಗೌರವಿಸುವ ದಿನ, ಉಗ್ರಾಣದ ಲೆಕ್ಕ ಬರೆದ ಹಿರಿಯನು ಮೊಮ್ಮಗುವಿಗೆ ತನ್ನ ಕಥೆಯನ್ನು ತಡೆಯಿಲ್ಲದೆ ಹೇಳಬಲ್ಲನು.